ಇಂಗ್ಲೆಂಡ್‌ನಲ್ಲಿ ಕ್ಲಬ್ ಬದಲಿಸುವ ಫುಟ್‌ಬಾಲ್ ಆಟಗಾರನಿಗೆ ನೋಂದಣಿಯ ಲೆಕ್ಕ

ಹೊಸ ಜೆರ್ಸಿ ಹಿಡಿದು ಫೋಟೋಗೆ ನಿಂತ ಮಾತ್ರಕ್ಕೆ ಯಾರೂ ಹೊಸ ಕ್ಲಬ್ಬಿನ ಆಟಗಾರರಾಗುವುದಿಲ್ಲ. ನೋಂದಣಿ ಹಳೆಯ ಕ್ಲಬ್ಬಿನಿಂದ ಹೊಸದಕ್ಕೆ ವರ್ಗವಾದ ಮೇಲೆಯೇ ಮೈದಾನಕ್ಕಿಳಿಯಬಹುದು. ಹಾಗಾಗಿ ಸಂಬಳದ ಮಾತಿಗೂ ಮುಂಚೆ ಈ ಲೆಕ್ಕ ಹಾಕಿಕೊಳ್ಳಿ.

ಕರಾರು ತೆಗೆದು ಕೊನೆಯ ದಿನಾಂಕ ನೋಡಿ. ಸಾಮಾನ್ಯವಾಗಿ ಅದು ಜೂನ್ 30. ಇನ್ನೊಂದು ವರ್ಷ ಮುಂದುವರಿಸುವ ಹಕ್ಕು ಕ್ಲಬ್ಬಿಗಿದೆಯೇ ಎಂಬುದನ್ನೂ ಓದಿ, ಬಹಳ ಜನ ಎಡವುವುದು ಅಲ್ಲೇ. ಕರಾರು ಚಾಲ್ತಿಯಲ್ಲಿರುವಾಗ ಈಗಿನ ಕ್ಲಬ್ಬಿನ ಒಪ್ಪಿಗೆಯಿಲ್ಲದೆ ಇನ್ನೊಂದು ಇಂಗ್ಲಿಷ್ ಕ್ಲಬ್ಬಿನೊಂದಿಗೆ ಮಾತುಕತೆ ಬೇಡ. ಆರ್ಸೆನಲ್‌ನಲ್ಲಿದ್ದಾಗ ಚೆಲ್ಸಿಯವರನ್ನು ಭೇಟಿಯಾದ ಆಶ್ಲಿ ಕೋಲ್ 2005ರಲ್ಲಿ ದಂಡ ತೆತ್ತರು; ಚೆಲ್ಸಿಗೂ ದಂಡ ಬಿತ್ತು.

ಯುರೋಪಿನ ನ್ಯಾಯಾಲಯ 1995ರಲ್ಲಿ ಕೊಟ್ಟ ಬೊಸ್ಮನ್ ತೀರ್ಪಿನ ನಂತರ, ಕರಾರು ಮುಗಿದವರು ಹೊಸ ಕ್ಲಬ್ ಹಳೆಯದಕ್ಕೆ ವರ್ಗಾವಣೆ ಹಣ ಕೊಡದೆಯೇ ಹೋಗಬಹುದು ಎಂಬುದು ನಿಜ. ಆದರೆ 24 ತುಂಬದ ಆಟಗಾರನಿಗೆ ಹಳೆಯ ಕ್ಲಬ್ ಮೊದಲಿಗಿಂತ ಕಡಿಮೆಯಲ್ಲದ ಹೊಸ ಕರಾರು ಕೊಡಲು ಮುಂದಾಗಿದ್ದರೆ, ಅವನನ್ನು ಒಯ್ಯುವ ಇಂಗ್ಲಿಷ್ ಕ್ಲಬ್ ಪರಿಹಾರ ಕೊಡಲೇಬೇಕು. ಎರಡೂ ಕಡೆ ಒಪ್ಪದಿದ್ದರೆ ಮೊತ್ತವನ್ನು ನ್ಯಾಯಮಂಡಳಿ ನಿಗದಿ ಮಾಡುತ್ತದೆ. 2015ರಲ್ಲಿ ಡ್ಯಾನಿ ಇಂಗ್ಸ್ ಬರ್ನ್‌ಲಿಯಿಂದ ಲಿವರ್‌ಪೂಲ್‌ಗೆ ಹೋದದ್ದು ಹೀಗೆ.

ಲೋನ್ ಮೇಲೆ, ಅಂದರೆ ಸ್ವಂತ ಕ್ಲಬ್ಬಿನ ಕರಾರು ಉಳಿಸಿಕೊಂಡೇ ತಾತ್ಕಾಲಿಕವಾಗಿ ಇನ್ನೊಂದು ಕ್ಲಬ್ಬಿಗೆ ಹೋಗುವವರು ಇದನ್ನು ಎರಡು ಸಲ ಓದಿ. ಒಂದು ಸೀಸನ್‌ನಲ್ಲಿ ಮೂರು ಕ್ಲಬ್‌ಗಳಿಗೆ ನೋಂದಣಿಯಾಗಬಹುದು, ಆದರೆ ಅಧಿಕೃತ ಪಂದ್ಯ ಆಡಬಹುದಾದದ್ದು ಎರಡಕ್ಕೆ ಮಾತ್ರ. ಆಗಸ್ಟ್‌ನಲ್ಲಿ ಸ್ವಂತ ಕ್ಲಬ್ಬಿಗೆ ಲೀಗ್ ಕಪ್‌ನಲ್ಲಿ ಬದಲಿಯಾಗಿ ಹತ್ತು ನಿಮಿಷ ಆಡಿದರೂ ಒಂದು ಲೆಕ್ಕ ಮುಗಿಯಿತು. ಲೋನ್ ಕ್ಲಬ್ಬಿಗೆ ಆಡಿದರೆ ಎರಡನೆಯದು. ಆಮೇಲೆ ಅಲ್ಲಿ ಅವಕಾಶ ಸಿಗದೆ ಜನವರಿಯಲ್ಲಿ ವಾಪಸ್ ಬಂದರೆ ಸ್ವಂತ ಕ್ಲಬ್ಬಿಗೆ ಆಡಬಹುದು, ಮೂರನೆಯ ಕಡೆ ಹೋದರೆ ಬರೀ ಅಭ್ಯಾಸ. ಆದ್ದರಿಂದ ಲೋನ್ ಕ್ಲಬ್ಬಿನ ಮ್ಯಾನೇಜರ್ ನಿಮ್ಮನ್ನು ಯಾವ ಸ್ಥಾನದಲ್ಲಿ ಆಡಿಸುತ್ತಾರೆ, ಆ ಸ್ಥಾನಕ್ಕೆ ಈಗಾಗಲೇ ಎಷ್ಟು ಜನ ಇದ್ದಾರೆ ಎಂದು ಕೇಳಿಯೇ ಸಹಿ ಹಾಕಿ. ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್‌ನೊಳಗಿನ ಲೋನ್ ಆದರೆ ಸ್ವಂತ ಕ್ಲಬ್ಬಿನ ವಿರುದ್ಧ ಆಡುವಂತಿಲ್ಲ ಎಂಬುದೂ ನೆನಪಿರಲಿ.

ವಿಂಡೋ, ಅಂದರೆ ವರ್ಗಾವಣೆಗೆ ಅವಕಾಶವಿರುವ ಅವಧಿ, ಮುಚ್ಚುವ ದಿನಕ್ಕೆ ಏನನ್ನೂ ಉಳಿಸಿಕೊಳ್ಳಬೇಡಿ. ಸಹಿಗೆ ಮುಂಚಿನ ವೈದ್ಯಕೀಯ ತಪಾಸಣೆಯಲ್ಲಿ ಮೊಣಕಾಲಿನ ಸ್ಕ್ಯಾನ್ ಸಂಶಯ ಹುಟ್ಟಿಸಿದರೆ ತಜ್ಞರ ಅಭಿಪ್ರಾಯಕ್ಕೇ ಗಂಟೆಗಟ್ಟಲೆ ಬೇಕು. ಹಳೆಯ ಗಾಯಗಳ ದಾಖಲೆ ಜೊತೆಗೇ ಒಯ್ಯಿರಿ. ಪ್ರೀಮಿಯರ್ ಲೀಗ್‌ನಲ್ಲಿ ಗಡುವಿನೊಳಗೆ ಡೀಲ್ ಶೀಟ್ (ಒಪ್ಪಂದವಾಗಿದೆ ಎಂದು ತಿಳಿಸುವ ಪತ್ರ) ತಲುಪಿದರೆ ಉಳಿದ ಕಾಗದಗಳಿಗೆ ಎರಡು ಗಂಟೆ ಹೆಚ್ಚುವರಿ ಸಿಗುತ್ತದೆ, ಅಷ್ಟೇ. 2017ರಲ್ಲಿ ಪೋರ್ಚುಗಲ್‌ನಿಂದ ಲೆಸ್ಟರ್‌ಗೆ ಬಂದ ಏಡ್ರಿಯನ್ ಸಿಲ್ವಾ ಅವರ ಕಾಗದ 14 ಸೆಕೆಂಡ್ ತಡವಾಗಿ, ಅವರಿಗೆ ಜನವರಿಯವರೆಗೆ ಆಡಲಾಗಲಿಲ್ಲ.