ಮಿಲ್ಲಿನ ಮಸಿ ಅಂದದ್ದು ಪಾಚಿ: ಶಿಂಗಲ್ಸ್ ಚಾವಣಿ ತೊಳೆದ ಲೆಕ್ಕ

ಗಂಗಾವತಿ ಸುತ್ತಿನ ತೋಟದ ಮನೆಗಳ ಶಿಂಗಲ್ಸ್ (ಮೇಲೆ ಹರಳು ಅಂಟಿಸಿದ ಡಾಂಬರಿನ ಚಾವಣಿ ಹಾಳೆ) ಮೇಲೆ ಕರಿ ಗೀರು ಇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಅದು ಅಕ್ಕಿ ಮಿಲ್ಲಿನ ಮಸಿ ರೀ, ಔಷಧಕ್ಕ ಹೋಗಂಗಿಲ್ಲ." ಹೊಟ್ಟು ಉರಿಸುವ ಬಾಯ್ಲರುಗಳ ಊರಲ್ಲಿ ಹಾಗನ್ನಿಸುವುದು ಸಹಜ. ಆದರೆ ಮಸಿ ದಿಕ್ಕು ನೋಡಿ ಕೂರುವುದಿಲ್ಲ. ಈ ಕಪ್ಪು ಉತ್ತರದ ಇಳಿಜಾರಿನಲ್ಲಿ, ತೆಂಗಿನ ನೆರಳು ಬೀಳುವ ಕಡೆಯೇ ಹೆಚ್ಚು. ಹೈಪೋದಲ್ಲಿ (ಸೋಡಿಯಂ ಹೈಪೋಕ್ಲೋರೈಟ್, ಅಂದರೆ ದ್ರವರೂಪದ ಬ್ಲೀಚ್) ಅದ್ದಿದ ಹತ್ತಿಯನ್ನು ಕಲೆ ಮೇಲೆ ಒತ್ತಿ ಹತ್ತು ನಿಮಿಷ ಬಿಡಿ. ಪಾಚಿಯಾದರೆ ಅಷ್ಟಗಲ ಕಂದಾಗಿ, ಆಮೇಲೆ ತಿಳಿಯಾಗುತ್ತದೆ. ಮಸಿಯಾದರೆ ಹತ್ತಿ ಕಪ್ಪಾಗುತ್ತದೆ, ಕಲೆಯ ಬಣ್ಣ ಬದಲಾಗುವುದಿಲ್ಲ. ವಾದ ಅಲ್ಲಿಗೆ ಮುಗಿಯಿತು.

ಶಿಂಗಲ್ಸಿನ ಡಾಂಬರಿಗೆ ಬೆರೆಸಿದ ಸುಣ್ಣದಕಲ್ಲಿನ ಪುಡಿ ಈ ಪಾಚಿಗೆ ಆಹಾರ, ಸುತ್ತಲಿನ ಗದ್ದೆಯ ತೇವ ಇದಕ್ಕೆ ನೀರು. ಏಪ್ರಿಲ್ ಬಿಸಿಲಿಗೆ ಒಣಗಿದಂತೆ ಕಂಡರೂ ಸಾಯುವುದಿಲ್ಲ.

ಮೊದಲು ಹಣ ಹೋದದ್ದು ಪ್ರೆಶರ್ ವಾಷರಿಗೆ. ಬಾಡಿಗೆ, ಆಳು ಸೇರಿ ಎರಡೂವರೆ ಸಾವಿರದ ಹತ್ತಿರ. ಕಪ್ಪು ಹೋಯಿತು, ಜೊತೆಗೆ ಶಿಂಗಲ್ಸಿನ ಮೇಲಿನ ಹರಳೂ ಹೋಯಿತು. ನೀರಿಳಿಯುವ ದೋಣಿಯಲ್ಲಿ ಎರಡು ಬೊಗಸೆ ಹರಳು ಸಿಕ್ಕಿತು. ಹರಳು ಉದುರಿದ ಕಡೆ ಡಾಂಬರು ಬಿಸಿಲಿಗೆ ಬೆತ್ತಲಾಗಿ ಬಿರುಕು ಬಿಡುತ್ತದೆ. ತಂತಿ ಬ್ರಷ್ಷಿನ ಕಥೆಯೂ ಇದೇ. ಗೌಂಡಿಗಳು ಹೇಳುವ ಬಾತ್‌ರೂಮ್ ಆ್ಯಸಿಡ್ ಬೇಡವೇ ಬೇಡ. ಅದು ಮೊಳೆ ತಿನ್ನುತ್ತದೆ, ಹೈಪೋ ಜೊತೆ ಸೇರಿದರೆ ಕ್ಲೋರಿನ್ ಗಾಳಿ ಎದ್ದು ಜೀವಕ್ಕೇ ಸಂಚಕಾರ. ಪೂರ್ತಿ ಶಿಂಗಲ್ಸ್ ಬದಲಿಸಲು ಕೇಳಿದ ದರ ಒಂದೂವರೆ ಲಕ್ಷ.

ಕೊನೆಗೆ ಫಲ ಕೊಟ್ಟದ್ದು ಹೈಪೋ, ಅದೂ ಬಲ ಗೊತ್ತಿರುವ ಹೈಪೋ. ಕ್ಯಾನ್ ಮೇಲೆ 12 ಪರ್ಸೆಂಟ್ ಎಂದು ಬರೆದಿದ್ದರೂ ನಮ್ಮ ಸೆಕೆಗೆ, ತಗಡಿನ ಶೆಡ್ಡಿನಲ್ಲಿ ಕೆಲವೇ ವಾರಗಳಲ್ಲಿ ಅದು ಸತ್ವ ಕಳೆದುಕೊಳ್ಳುತ್ತದೆ. "ಹೊಡೆದೆವು, ಏನೂ ಆಗಲಿಲ್ಲ" ಎನ್ನುವವರಲ್ಲಿ ಹೆಚ್ಚಿನವರು ಹಳೇ ಮಾಲು ಹೊಡೆದವರು. ಹೊಸ ಮಾಲಾದರೆ ಒಂದು ಪಾಲಿಗೆ ಮೂರು ಪಾಲು ನೀರು, ತಿಂಗಳು ಹಳೆಯದಾದರೆ ಎರಡು ಪಾಲು. ಚಾವಣಿಗೆ ಬೀಳುವಾಗ ಸುಮಾರು 3 ಪರ್ಸೆಂಟ್ ಇರಬೇಕು. ಇಳಿಜಾರಿನಲ್ಲಿ ಜಾರದೆ ನಿಲ್ಲಲು ಸೋಪು ಬೇಕು. ಯಾವ ಸೋಪು, ಎಷ್ಟು ಎಂಬುದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅಮೋನಿಯಾ, ಆ್ಯಸಿಡ್ ಎರಡೂ ಇರದ ಸೋಪು ಎಂದಷ್ಟೇ ಹೇಳಬಲ್ಲೆ.

ಪಂಪು 16 ಲೀಟರಿನ ಬ್ಯಾಟರಿ ಪಂಪೇ, ಗದ್ದೆಗೆ ಔಷಧ ಹೊಡೆಯುವಂಥದ್ದು, ಆದರೆ ಇದಕ್ಕೇ ಬೇರೆ ಇಡಬೇಕು. ಕಳೆನಾಶಕ ಹಾಕಿದ ಪಂಪು ಬೇಡ. ಹಿತ್ತಾಳೆ ನಳಿಕೆ ತೆಗೆದು ಪ್ಲಾಸ್ಟಿಕ್ ಹಾಕಿ. ವಾಷರುಗಳು ನಾಲ್ಕೈದು ಸಲಕ್ಕೆ ಹೋಗುತ್ತವೆ, ಬಿಡಿ ವಾಷರ್ ಜೇಬಿನಲ್ಲಿರಲಿ. ಒಂದು ಪಂಪಿಗೆ 200 ಚದರಡಿ ನೆನೆಯುತ್ತದೆ. 600 ಚದರಡಿಯ ಉತ್ತರ ಮಗ್ಗುಲಿಗೆ ಮೂರು ಪಂಪು, ಅಂದರೆ 12 ಲೀಟರ್ ಹೈಪೋ.

ಬೆಳಿಗ್ಗೆ ಆರಕ್ಕೇ ಶುರು. ಒಂಬತ್ತರ ಮೇಲೆ ಹೊಡೆದರೆ ಕೆಲಸ ಮಾಡುವ ಮೊದಲೇ ಒಣಗುತ್ತದೆ. ಮೊದಲು ಕೆಳಗಿನ ಗಿಡಗಳಿಗೆ ಚೆನ್ನಾಗಿ ನೀರು ಹಾಯಿಸಿ, ಮಳೆನೀರಿನ ಪೈಪು ಬಿಚ್ಚಿ, ದನದ ತೊಟ್ಟಿ ಮುಚ್ಚಿ. ಪಾಚಿ ನೆನೆದರೆ ಬೆಣ್ಣೆಯಂತೆ ಜಾರುತ್ತದೆ. ಸೊಂಟಕ್ಕೆ ಹಗ್ಗ ಕಟ್ಟಿ, ಒಣಗಿದ ಕಡೆಯೇ ಕಾಲಿಡಿ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್. ಹೊಡೆದು 15-20 ನಿಮಿಷ ಬಿಟ್ಟು, ತೋಟದ ಪೈಪಿನ ಸಾದಾ ನೀರನ್ನು ಮೇಲಿಂದ ಕೆಳಕ್ಕೆ ಬಿಡಿ. ಕೆಳಗಿಂದ ಮೇಲಕ್ಕೆ ಹಾಯಿಸಿದರೆ ಶಿಂಗಲ್ಸಿನಡಿ ನೀರು ನುಗ್ಗುತ್ತದೆ. ಗಿಡಗಳಿಗೆ ಮತ್ತೊಮ್ಮೆ ನೀರು. ಬೂದು ಬಣ್ಣದ ದುಂಡು ಕಲ್ಲುಹೂವು ಅಂಟಿದ್ದರೆ ಕೀಳಬೇಡಿ, ಹರಳು ಸಮೇತ ಬರುತ್ತದೆ. ಸತ್ತ ಮೇಲೆ ಮಳೆಗೆ ತಾನೇ ಬಿಡುತ್ತದೆ.

ಬ್ಲೀಚಿಂಗ್ ಪುಡಿಯನ್ನೂ ನೋಡಿದ್ದಾಯಿತು. ಹೊಸ ಪುಡಿ 1 ಕೆಜಿ, ನೀರು 10 ಲೀಟರ್, ಬಲ ಹತ್ತಿರ ಹತ್ತಿರ ಅಷ್ಟೇ. ಆದರೆ ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ಸೋಸಿ ತೆಗೆಯದಿದ್ದರೆ ನಳಿಕೆ ಕಟ್ಟುತ್ತದೆ, ಚಾವಣಿ ಮೇಲೆ ಸುಣ್ಣದ ಬಿಳಿ ಉಳಿಯುತ್ತದೆ. ಕುಷ್ಟಗಿ ಕಡೆಯ ದಾಳಿಂಬೆಯವರ ಮಾತು ಕೇಳಿ ಒಂದು ಮೂಲೆಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹೊಡೆದೆ. ಪಾಚಿ ಹತ್ತಲಿಲ್ಲ ನಿಜ, ದೋಣಿಯ ತಗಡು ತುಕ್ಕು ಹಿಡಿಯಿತು.

ಒಟ್ಟು ಖರ್ಚು, ಪಂಪು ಬಿಟ್ಟು, ಸಾವಿರದ ಇನ್ನೂರು ಇರಬಹುದು. ಪಾಚಿ ಮತ್ತೆ ಬರದಂತೆ ನೆತ್ತಿಯ ಸಾಲಿನಡಿ ಎರಡು ಇಂಚು ತಾಮ್ರದ ಪಟ್ಟಿ ಕಾಣುವಂತೆ ಕೂರಿಸಿದ್ದೇನೆ. ಮಳೆನೀರು ಅದನ್ನು ತೊಳೆದು ಇಳಿಯುವಷ್ಟು ದೂರ ಪಾಚಿ ಹತ್ತುವುದಿಲ್ಲ. ದೋಣಿ ಅಲ್ಯೂಮಿನಿಯಮ್ಮಿನದಾದರೆ ಇದು ಬೇಡ, ತಾಮ್ರದ ನೀರು ಅದನ್ನು ತಿನ್ನುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ನೋಡಿದರೆ ಪಟ್ಟಿಯ ಕೆಳಗೆ ಐದಾರು ಅಡಿ ಹೊಸದರಂತೆ ಇದೆ. ಪಟ್ಟಿ ಸಾಲದೆ ಬಿಟ್ಟ ಪೂರ್ವದ ತುದಿಯಲ್ಲಿ ಬೆರಳಗಲದ ಕಪ್ಪು ಗೀರು ಆಗಲೇ ಇಳಿದಿದೆ.