ಟಿವಿ ಮುಂದೆ ಮಗುವಿನ ಮಾತು ಬೆಳೆಸುವುದು ಹೇಗೆ?

ಕಾರ್ಟೂನ್ ಹಾಕಿಕೊಟ್ಟರೆ ಮಗು ತಾನಾಗಿ ಮಾತು ಕಲಿಯುತ್ತದೆ ಎನ್ನುವವರಿದ್ದಾರೆ. ಟಿವಿಯಿಂದಲೇ ಮಾತು ತಡವಾಯಿತು ಎಂದು ಹಳಹಳಿಸುವವರೂ ಇದ್ದಾರೆ. ಇಬ್ಬರೂ ನೋಡುತ್ತಿರುವುದು ಪೆಟ್ಟಿಗೆಯನ್ನು. ಅದರ ಮುಂದೆ ಮಗುವಿನ ಪಕ್ಕ ಯಾರು ಕೂತಿದ್ದಾರೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಮೊದಲು ವಯಸ್ಸು ನೋಡಿ

ಎರಡು ವರ್ಷದೊಳಗಿನ ಕೂಸಿಗೆ ಟಿವಿ ಬೇಡ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಇದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪೆಟ್ರಿಷಿಯಾ ಕುಲ್ ಅವರ ತಂಡ ಒಂಬತ್ತು ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿತು. ಎದುರು ಕೂತು ಆಡಿಸುತ್ತಾ, ಪುಸ್ತಕ ಓದುತ್ತಾ ಮಾತಾಡಿಸಿದಾಗ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸತೊಡಗಿದವು. ಅದೇ ಜನ, ಅದೇ ಮಾತು ವಿಡಿಯೊದಲ್ಲಿ ಬಂದಾಗ ಏನೂ ಕಲಿಯಲಿಲ್ಲ. ಊರಿನ ಅಜ್ಜಿಯ ಜೊತೆ ವಿಡಿಯೊ ಕಾಲ್ ಮಾತ್ರ ಇದಕ್ಕೆ ಹೊರತು. ಕೂಸು ‘ಆಂ’ ಎಂದರೆ ಅಜ್ಜಿ ‘ಏನು ಪುಟ್ಟಾ?’ ಎನ್ನುತ್ತಾಳಲ್ಲ!

ಕಥೆ ಇರುವುದನ್ನು ಆರಿಸಿ

‘ಶೈಕ್ಷಣಿಕ’ ಎಂಬ ಹಣೆಪಟ್ಟಿ ನಂಬಬೇಡಿ. ಪಾತ್ರವೊಂದು ಮಗುವಿನ ಕಡೆ ತಿರುಗಿ ಮಾತಾಡುತ್ತದೆಯೇ? ವಸ್ತುವನ್ನು ತೋರಿಸಿ ಹೆಸರು ಹೇಳುತ್ತದೆಯೇ? ಆದಿ, ಅಂತ್ಯ ಇರುವ ಕಥೆಯಿದೆಯೇ? 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮಗುವಿನ ಕಡೆ ತಿರುಗಿ ಮಾತಾಡುವ ‘ಡೋರಾ’, ‘ಬ್ಲೂಸ್ ಕ್ಲೂಸ್’ ಎಂಬ ಕಾರ್ಯಕ್ರಮಗಳನ್ನು ನೋಡುತ್ತಿದ್ದ ಪುಟಾಣಿಗಳ ಪದಸಂಪತ್ತು ಹೆಚ್ಚಿತ್ತು, ‘ಟೆಲಿಟಬ್ಬೀಸ್’ ನೋಡುತ್ತಿದ್ದವರದು ಕಡಿಮೆ ಇತ್ತು. ಕಾರ್ಯಕ್ರಮವೇ ಕಾರಣ ಎಂದು ಇಷ್ಟರಿಂದ ಹೇಳಲಾಗದು. ಆದರೂ ಆರಿಸುವಾಗ ಇದು ನೆನಪಿರಲಿ. ಒಂದರ ಹಿಂದೊಂದು ತಾನಾಗಿ ಓಡುವ ಯೂಟ್ಯೂಬ್ ಪದ್ಯಗಳಲ್ಲಿ ಬಣ್ಣ, ಸದ್ದು ಬೇಕಾದಷ್ಟಿದ್ದರೂ ಮಗುವಿಗೆ ಬಾಯಿ ತೆರೆಯಲು ಪುರುಸೊತ್ತೇ ಇರುವುದಿಲ್ಲ. ಆಟೋಪ್ಲೇ ಬಂದ್ ಮಾಡಿ.

ನಿಲ್ಲಿಸಿ, ಕೇಳಿ, ಕಾಯಿರಿ

ಅಸಲಿ ಕೆಲಸ ಇಲ್ಲಿದೆ. 1996ರಲ್ಲಿ ಶುರುವಾದ ‘ಬ್ಲೂಸ್ ಕ್ಲೂಸ್’ನಲ್ಲಿ ನಿರೂಪಕ ಪ್ರಶ್ನೆ ಕೇಳಿ ಸುಮ್ಮನೆ ಕಾಯುತ್ತಿದ್ದ. ದೊಡ್ಡವರಿಗೆ ಆ ಮೌನ ಮುಜುಗರ. ಮಕ್ಕಳಿಗೆ ಅದು ಮಾತಾಡಲು ಸಿಕ್ಕ ಜಾಗ. ಒಂದೇ ಕಂತನ್ನು ಸೋಮವಾರದಿಂದ ಶುಕ್ರವಾರದವರೆಗೆ ಪ್ರತಿದಿನ ತೋರಿಸುತ್ತಿದ್ದರು. ಮತ್ತೆ ಮತ್ತೆ ನೋಡಿದಂತೆ ಮಕ್ಕಳು ಹೆಚ್ಚು ಅರ್ಥಮಾಡಿಕೊಂಡರು, ಹೆಚ್ಚು ಹೆಚ್ಚು ಕೂಗಿ ಉತ್ತರಿಸಿದರು.

ರಿಮೋಟ್ ಕೈಲಿದ್ದರೆ ಯಾವ ಕನ್ನಡ ಕಾರ್ಟೂನಿನಲ್ಲೂ ನೀವು ಇದನ್ನೇ ಮಾಡಬಹುದು. ಆನೆ ಹೊಳೆಗೆ ಇಳಿಯುವ ಹೊತ್ತಿಗೆ ಪಾಜ್ ಒತ್ತಿ, ‘ಈಗ ಏನಾಗುತ್ತೆ?’ ಎಂದು ಕೇಳಿ. ‘ಇದು ಆನೆ ಅಲ್ವಾ?’ ಎಂದರೆ ಬರುವುದು ‘ಹೂಂ’ ಅಷ್ಟೇ. ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ನಮಗೆ ಕಷ್ಟವಾಗುವುದು ಇದೇ, ಉತ್ತರ ನಾವೇ ಹೇಳಿಬಿಡುತ್ತೇವೆ. ಮಗು ‘ಆನೆ ನೀರು’ ಎಂದರೆ ತಿದ್ದಬೇಡಿ, ಹಿಗ್ಗಿಸಿ: ‘ಹೌದು, ಆನೆ ನೀರಿಗೆ ಇಳೀತು. ಸೊಂಡಿಲಲ್ಲಿ ನೀರು ಹೀರ್ಕೊಳ್ತಾ ಇದೆ.’ ಒಂದು ಕಂತಿಗೆ ಮೂರು ನಾಲ್ಕು ಸಲ ನಿಲ್ಲಿಸಿದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಕಥೆಯ ರುಚಿ ಕೆಡುತ್ತದೆ, ಮಗು ರಿಮೋಟ್ ಕಸಿದುಕೊಳ್ಳುತ್ತದೆ, ತಪ್ಪು ಅದರದಲ್ಲ. ನಿನ್ನೆಯ ಕಂತನ್ನೇ ಇವತ್ತೂ ಕೇಳಿದರೆ ಹಾಕಿಕೊಡಿ. ಬೇಸರ ನಿಮಗೆ, ಅದಕ್ಕಲ್ಲ.

ಪರದೆಯ ಮೇಲೆ ‘ಹೋಗುತ್ತಿದ್ದಾನೆ’, ಧಾರವಾಡದ ಮನೆಯಲ್ಲಿ ‘ಹೊಂಟಾನ’. ಮಗು ಗಲಿಬಿಲಿಯಾದೀತೆಂಬ ಭಯ ಬೇಡ. ಎರಡನ್ನೂ ಆಡಿ, ಎರಡೂ ಅದರದೇ ಭಾಷೆ.

ಕೂಡಿ ನೋಡುವುದು ನಮ್ಮ ನಾಡಿಗೆ ಹೊಸತೂ ಅಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ಟಿವಿ ಪ್ರಯೋಗದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿ ಮಕ್ಕಳಿಗೆ ಬೆಳಿಗ್ಗೆ ಕನ್ನಡದಲ್ಲೇ ಪ್ರಸಾರವಿತ್ತು. ಇಡೀ ಊರಿಗೆ ಒಂದೇ ಸೆಟ್.

ಪರದೆಯ ಪದ ಮನೆಯೊಳಗೆ ಬರಲಿ

ಕಾರ್ಟೂನಿನಲ್ಲಿ ‘ಸಿಪ್ಪೆ’ ಬಂತೇ? ಸಂಜೆ ಬಾಳೆಹಣ್ಣು ಸುಲಿಯುವಾಗ ಆ ಪದ ಆಡಿ, ಮಗುವಿನ ಕೈಗೂ ಒಂದು ಹಣ್ಣು ಕೊಡಿ. ದಿನಕ್ಕೆ ಎರಡು ಪದ ಸಾಕು. ರಾತ್ರಿ ಮಲಗುವಾಗ ‘ಆನೆಗೆ ಏನಾಯ್ತು, ಅಪ್ಪಂಗೆ ಹೇಳು’ ಎನ್ನಿ. ಕಥೆ ಅಡ್ಡಾದಿಡ್ಡಿ ಬಂದರೂ ಅಪ್ಪ ಪೂರ್ತಿ ಕೇಳಬೇಕು, ಮೊಬೈಲ್ ಕೆಳಗಿಟ್ಟು.

ಯಾರೂ ನೋಡದ ಟಿವಿ ಬಂದ್ ಮಾಡಿ

ಊಟ ಮಾಡಿಸಲು ಟಿವಿ, ಅಡುಗೆಯ ಹೊತ್ತಿಗೆ ಧಾರಾವಾಹಿ. ನಷ್ಟ ಹೆಚ್ಚು ಆಗುವುದು ಇಲ್ಲೇ. 2009ರ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಟಿವಿ ಸದ್ದು ಕೇಳಿಸುವ ಪ್ರತಿ ಗಂಟೆಗೆ ಮಗುವಿನ ಕಿವಿಗೆ ಬೀಳುವ ದೊಡ್ಡವರ ಮಾತು 770 ಪದಗಳಷ್ಟು ಇಳಿಯುತ್ತದೆ. ಅಜ್ಜಿಯ ಧಾರಾವಾಹಿ ಕಿತ್ತುಕೊಳ್ಳಿ ಎನ್ನುತ್ತಿಲ್ಲ. ಆ ಅರ್ಧ ಗಂಟೆ ಮಗು ಬೇರೆ ಕೋಣೆಯಲ್ಲಿ ಆಡಿಕೊಳ್ಳಲಿ. ತುತ್ತಿನ ಹೊತ್ತು ಮಾತ್ರ ಮಾತಿಗೇ ಮೀಸಲು.

ಎರಡು ವರ್ಷ ತುಂಬಿದರೂ ಮಗು ‘ಅಮ್ಮ ಬಾ’ ಎಂಬಂತೆ ಎರಡು ಪದ ಜೋಡಿಸುತ್ತಿಲ್ಲವೇ, ಕರೆದರೆ ತಿರುಗುತ್ತಿಲ್ಲವೇ? ಆಗ ಟಿವಿಯನ್ನು ಬೈಯುತ್ತಲೋ, ಹೊಸ ಕಾರ್ಯಕ್ರಮ ಹುಡುಕುತ್ತಲೋ ಕಾಲ ಕಳೆಯಬೇಡಿ. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಮತ್ತು ಶ್ರವಣ ಎರಡರ ತಪಾಸಣೆಯೂ ಆಗುತ್ತದೆ.