ಅಗ್ಗದ ತಿಂಗಳುಗಳನ್ನು ಮತ್ತೆ ಅಳೆದಾಗ

ಎಂಬತ್ತು ಕೋಣೆಗಳ ಹೋಟೆಲಿನ ನಿರ್ವಹಣೆ ನನ್ನ ಹೊಣೆಯಾದ ಮೊದಲ ವರ್ಷ, ನಾನು ನೋಡುತ್ತಿದ್ದುದು ಒಂದೇ ಅಂಕಿ: ಭರ್ತಿಯಾದ ಕೋಣೆಯೊಂದಕ್ಕೆ ತಗಲಿದ ಖರ್ಚು. ಹೌಸ್‌ಕೀಪಿಂಗ್‌ನಲ್ಲಿ ಒಬ್ಬರಿಗೆ 14 ಕೋಣೆಗಳ ಬದಲು 18 ಹಂಚಿದೆ. ಖರ್ಚು ಇಳಿಯಿತು. ಆದರೆ ಚೆಕ್-ಇನ್ ಹೊತ್ತಿಗೆ ಕೋಣೆ ಸಿದ್ಧವಾಗದೆ ಅತಿಥಿಗಳು ಲಾಬಿಯಲ್ಲಿ ಕಾಯತೊಡಗಿದರು. ಪದೇ ಪದೇ ಬರುತ್ತಿದ್ದವರ ಹೆಸರುಗಳು ಬುಕಿಂಗ್ ಪಟ್ಟಿಯಲ್ಲಿ ವಿರಳವಾದವು. ನನ್ನ ತಿಂಗಳ ವರದಿಯಲ್ಲಿ ಇದರ ಸುಳಿವೇ ಇರಲಿಲ್ಲ.

ಕಾರ್ಖಾನೆಯಲ್ಲಿ ಇಂದು ಮಾರಾಟವಾಗದ ಸರಕು ಗೋದಾಮಿನಲ್ಲಿ ಉಳಿಯುತ್ತದೆ. ಈ ರಾತ್ರಿ ಖಾಲಿ ಉಳಿದ ಕೋಣೆಯ ಗಳಿಕೆ ಹೋದದ್ದೇ. ಆದ್ದರಿಂದ ಲೆಕ್ಕವನ್ನು ಎರಡು ಘಟ್ಟಗಳಾಗಿ ಒಡೆದೆ. ದುಡಿಮೆಯ ಗಂಟೆ, ವಿದ್ಯುತ್, ಲಾಂಡ್ರಿ ಖರ್ಚು ಸೇರಿ ಎಷ್ಟು ಕೋಣೆಗಳು ಸಿದ್ಧವಾದವು ಎಂಬುದು ದಕ್ಷತೆ. ಸಿದ್ಧವಾದ ಕೋಣೆಗಳಿಂದ ಎಷ್ಟು ವರಮಾನ ಬಂತು, ಎಷ್ಟು ಅತಿಥಿಗಳು ಮರಳಿ ಬಂದರು ಎಂಬುದು ಪರಿಣಾಮಕಾರಿತ್ವ.

ವರಮಾನದಲ್ಲೂ ಒಂದು ಬಲೆಯಿದೆ. ದರ 100 ಇದ್ದಾಗ ಶೇ 60ರಷ್ಟು ಕೋಣೆಗಳು ತುಂಬಿದರೆ, ಲಭ್ಯವಿರುವ ಪ್ರತಿ ಕೋಣೆಯ ವರಮಾನ, ಅಂದರೆ ರೆವ್‌ಪಾರ್, 60. ದರವನ್ನು 80ಕ್ಕೆ ಇಳಿಸಿ ಶೇ 70ರಷ್ಟು ತುಂಬಿಸಿದರೆ ಅದು 56. ದಿನಕ್ಕೆ ಎಂಟು ಕೋಣೆಗಳನ್ನು ಹೆಚ್ಚು ಶುಚಿಗೊಳಿಸಿ ಕಡಿಮೆ ಗಳಿಸಿದಂತಾಯಿತು. ಭರ್ತಿಯ ಪ್ರಮಾಣ ಏರಿತೆಂದು ಸಂಭ್ರಮಿಸುವವರನ್ನು ಕಂಡಾಗ ನನಗೆ ಈಗಲೂ ಕಳವಳವಾಗುತ್ತದೆ.

ಹೋಲಿಕೆಗೆ ಡೇಟಾ ಎನ್ವಲಪ್‌ಮೆಂಟ್ ಅನಾಲಿಸಿಸ್ ವಿಧಾನವನ್ನು ಬಳಸಿದೆ. 1978ರಲ್ಲಿ ಸಂಶೋಧಕರಾದ ಚಾರ್ನ್ಸ್, ಕೂಪರ್ ಮತ್ತು ರೋಡ್ಸ್ ರೂಪಿಸಿದ ಇದು ಪ್ರತಿ ಘಟಕವನ್ನು ಸರಾಸರಿಯೊಂದಿಗಲ್ಲ, ಅತ್ಯುತ್ತಮ ಸಾಧನೆಯೊಂದಿಗೆ ತೂಗುತ್ತದೆ. ಬೇರೆ ಹೋಟೆಲುಗಳ ಒಳಲೆಕ್ಕ ಸಿಗುವುದಿಲ್ಲವಾದ್ದರಿಂದ ನಮ್ಮದೇ 24 ತಿಂಗಳುಗಳನ್ನು ಘಟಕಗಳೆಂದು ಹಿಡಿದೆ. ಖರ್ಚು ಮತ್ತು ಫಲದ ಅಳತೆಗಳು ಎಷ್ಟಿವೆಯೋ ಅದರ ಮೂರು ಪಟ್ಟಾದರೂ ಘಟಕಗಳಿರಬೇಕೆಂಬುದು ರೂಢಿ. ಇಲ್ಲದಿದ್ದರೆ ತೀರಾ ಹೆಚ್ಚು ತಿಂಗಳುಗಳು ಪೂರ್ತಿ ಅಂಕ ಪಡೆದುಬಿಡಬಹುದು.

ಹೆಚ್ಚು ತಲೆಕೆಡಿಸಿದ್ದು ಮರಳಿ ಬರುವ ಅತಿಥಿಗಳ ಎಣಿಕೆ. ಈ ತಿಂಗಳ ತಪ್ಪಿನ ಫಲ ಈ ತಿಂಗಳೇ ಕಾಣಿಸುವುದಿಲ್ಲ. ಕೊನೆಗೆ, ಆಯಾ ತಿಂಗಳು ತಂಗಿದವರಲ್ಲಿ ಎಷ್ಟು ಮಂದಿ ಮುಂದಿನ ಆರು ತಿಂಗಳೊಳಗೆ ಮತ್ತೆ ಬಂದರು ಎಂದು ಹಳೆಯ ದಾಖಲೆಗಳಿಂದ ಹೆಕ್ಕಿ, ಆ ಅಂಕಿಯನ್ನು ಮೊದಲ ಭೇಟಿಯ ತಿಂಗಳ ಖಾತೆಗೇ ಬರೆದೆ.

ಮೊದಲ ಘಟ್ಟದಲ್ಲೂ ಒಂದು ತಿದ್ದುಪಡಿ ಮಾಡಿದೆ: ಶುಚಿಯಾದ ಕೋಣೆಗಳನ್ನೆಲ್ಲ ಎಣಿಸುವ ಬದಲು, ಚೆಕ್-ಇನ್ ವೇಳೆಗೆ ಸಿದ್ಧವಾದವುಗಳನ್ನು ಮಾತ್ರ ಎಣಿಸಿದೆ. ಆಗ ನಾನು ಹೆಮ್ಮೆಪಟ್ಟಿದ್ದ ಆ ಅಗ್ಗದ ತಿಂಗಳುಗಳು ದಕ್ಷತೆಯಲ್ಲೇ ಹಿಂದೆ ಬಿದ್ದವು. ಮರುದಿನವೇ ಹಂಚಿಕೆಯನ್ನು 14ಕ್ಕೆ ಮರಳಿಸಿದೆ.